ಖರ್ಜೂರದ ಬಾಯಾರಿಕೆ

ರಮಝಾನ್ ಹತ್ತಿರ ಬರುತ್ತಿದ್ದಂತೆ ನಮ್ಮ ಮನೆಗಳಲ್ಲಿ ಖರ್ಜೂರದ ಮಾತು ಶುರುವಾಗುತ್ತದೆ. ಯಾವ ಅಂಗಡಿಯಲ್ಲಿ ಕಿಲೋಗೆ ಎಷ್ಟು, ಈ ಸಲ ಅಜ್ವಾ ತರುವುದೋ ಮಾಮೂಲಿನದ್ದೇ ಸಾಕೋ, ಗಲ್ಫ್‌ನಿಂದ ಊರಿಗೆ ಬರುವವರು ಯಾರಾದರೂ ಇದ್ದಾರೋ ಎಂಬುದೆಲ್ಲ ನಮಗೆ ಚೆನ್ನಾಗಿ ಗೊತ್ತು. ಆದರೆ ಆ ಮರಕ್ಕೆ ನೀರು ಯಾವಾಗ ಬಿಡಬೇಕು ಎಂದು ಕೇಳಿದರೆ? "ಮರುಭೂಮಿ ಅಲ್ಲವೇ, ದಿನಾ ಬಿಡಬೇಕು" ಎನ್ನುವಿರಿ. ನನ್ನ ಭಾವನವರೂ ಇಪ್ಪತ್ತು ವರ್ಷ ಅದನ್ನೇ ಹೇಳುತ್ತಿದ್ದರು. ಅವರು ಹೇಳುತ್ತಿದ್ದುದು ಮಾತ್ರವಲ್ಲ, ಅವರ ಸಂಬಳ ನಡೆಯುತ್ತಿದ್ದುದೂ ಅದರ ಮೇಲೆಯೇ.

ಭಾವ ಯು.ಎ.ಇ.ಯ ಅಲ್ ಐನ್ ಬಳಿ ಒಂದು ಮಝ್ರಾದಲ್ಲಿ, ಅಂದರೆ ತೋಟದಲ್ಲಿ, ಮೇಸ್ತ್ರಿ. ಅಕ್ಕನೂ ಅಲ್ಲಿಯೇ ಇದ್ದಾಳೆ. 2023ರಲ್ಲಿ ಈದ್ ಕಳೆದು, ಶಾಲೆಗೂ ಮದ್ರಸಕ್ಕೂ ರಜೆ ಇದ್ದಾಗ ನಾನು ಒಂದು ತಿಂಗಳು ಅವರಲ್ಲಿಗೆ ಹೋಗಿದ್ದೆ. ಮೇ ತಿಂಗಳು. ಬೆಳಗ್ಗೆ ಎಂಟಕ್ಕೆಲ್ಲ ಅಂಗಳಕ್ಕೆ ಕಾಲಿಡುವಂತಿರಲಿಲ್ಲ. ಖಲಾಸ್, ಲುಲು, ಫರ್ದ್ ಎಂಬ ತಳಿಗಳ ಮರಗಳಲ್ಲಿ ಕಾಯಿ ಇನ್ನೂ ಹಸಿರು. ನಮ್ಮಲ್ಲಿ ತೆಂಗಿನ ಬುಡಕ್ಕೆ ಮಾಡುವಂತೆ ಪ್ರತಿ ಮರದ ಸುತ್ತ ದುಂಡಗಿನ ಪಾತಿ, ಪಾತಿಯೊಳಗೆ ಗುಳುಗುಳು ನೀರು ಉಕ್ಕಿಸುವ ಒಂದು ಚಿಕ್ಕ ಬಬ್ಲರ್. ಮುಂಜಾನೆ ನಾಲ್ಕಕ್ಕೆ ಟೈಮರ್ ತಾನಾಗಿ ನೀರು ಬಿಡುತ್ತದೆ. ಇಪ್ಪತ್ತು ನಿಮಿಷ. ಮರಕ್ಕೆ ಸುಮಾರು 200 ಲೀಟರ್. ಜನವರಿಯ ಚಳಿಯಲ್ಲೂ ಅಷ್ಟೇ, ಮೇ ತಿಂಗಳ ಬೆಂಕಿಯಲ್ಲೂ ಅಷ್ಟೇ.

ನಾನು ಹೋದ ವಾರವೇ ಆ ಮನೆಯಲ್ಲಿ ಒಂದು ಬಿಸಿ ಗಾಳಿ ಬೀಸುತ್ತಿತ್ತು. ಅರ್ಬಾಬ್, ಅಂದರೆ ತೋಟದ ಮಾಲೀಕರು, ಇನ್ನು ಮುಂದೆ ನೀರು ಕಡಿಮೆ ಮಾಡಬೇಕು ಎಂದಿದ್ದರು. ಅವರಿಗೂ ಕಾರಣವಿತ್ತು. ಬಾವಿಯ ನೀರು ವರ್ಷದಿಂದ ವರ್ಷಕ್ಕೆ ಕೆಳಗಿಳಿಯುತ್ತಿತ್ತು, ಇಳಿದಷ್ಟೂ ಉಪ್ಪಾಗುತ್ತಿತ್ತು. ಆ ನೆಲದಡಿಯ ನೀರು ನಮ್ಮ ಬಾವಿಗಳಂತೆ ಪ್ರತಿ ಮಳೆಗಾಲದಲ್ಲಿ ತುಂಬಿಕೊಳ್ಳುವಂಥದ್ದಲ್ಲ. ಬಹುಪಾಲು ಬಹಳ ಹಿಂದಿನ ಕಾಲದಲ್ಲಿ ಸೇರಿಕೊಂಡದ್ದು, ತೆಗೆದರೆ ಮುಗಿಯಿತು. ಅಬುಧಾಬಿ ಸರಕಾರ 2016ರಲ್ಲಿ ಅಂತರ್ಜಲಕ್ಕೆಂದೇ ಒಂದು ಕಾನೂನು ಮಾಡಿದ್ದು ಇದಕ್ಕಾಗಿಯೇ. ಅರ್ಬಾಬ್ ಒಬ್ಬ ಈಜಿಪ್ಟಿನ ಮುಹಂದಿಸ್‌ನನ್ನು ಕರೆಸಿದ್ದರು. ಅಲ್ಲಿ ಇಂಜಿನಿಯರನ್ನು ಹಾಗೆನ್ನುತ್ತಾರೆ. ಮೂವತ್ತು ದಾಟದ ಹುಡುಗ, ಕೈಯಲ್ಲೊಂದು ಉದ್ದನೆಯ ಬಿಳಿ ಕೊಳವೆ. ಅದನ್ನು ಮಣ್ಣಿಗಿಳಿಸಿದರೆ 30, 60 ಮತ್ತು 90 ಸೆಂಟಿಮೀಟರ್ ಆಳದಲ್ಲಿ ಎಷ್ಟು ತೇವ ಇದೆ ಎಂದು ಮೊಬೈಲಿಗೆ ಹೇಳುತ್ತದಂತೆ.

"ಇಪ್ಪತ್ತೆರಡು ವರ್ಷದಿಂದ ನೋಡುತ್ತಿರುವ ಮರ. ಇದರ ಬಾಯಾರಿಕೆ ನನಗೆ ಗೊತ್ತೋ, ಆ ಪೈಪಿಗೆ ಗೊತ್ತೋ?" ಎಂದು ಭಾವ ಊಟಕ್ಕೆ ಕುಳಿತಾಗ ಕೇಳಿದರು. ಅಕ್ಕ ಏನೂ ಹೇಳಲಿಲ್ಲ. ಮಗಳ ಕಾಲೇಜಿನ ಫೀಸು ಕಟ್ಟುವುದು ಬಾಕಿ ಇತ್ತು. ಮರ ಒಣಗಿದರೆ ಮೇಸ್ತ್ರಿಯನ್ನು ಕೇಳುತ್ತಾರೆ. ಪೈಪು ಸರಿ ಹೇಳಿದರೆ ಮೇಸ್ತ್ರಿ ಯಾಕೆ ಎಂದು ಕೇಳುತ್ತಾರೆ. ಎರಡರಲ್ಲಿ ಯಾವುದಾದರೂ ಕಷ್ಟವೇ.

ಅರಬರಲ್ಲಿ ಒಂದು ಹಳೆಯ ಮಾತಿದೆ: ಖರ್ಜೂರದ ಕಾಲು ನೀರಲ್ಲಿರಬೇಕು, ತಲೆ ಬೆಂಕಿಯಲ್ಲಿರಬೇಕು. ಮಾತು ಸುಳ್ಳಲ್ಲ. ಆದರೆ ಕಾಲು ನೀರಲ್ಲಿ ಎಂದರೆ ಸದಾ ಕೆಸರಿನಲ್ಲಿ ಎಂದಲ್ಲ. ಬೇರಿಗೂ ಉಸಿರು ಬೇಕು. ಇತರ ಮರಗಳು ಸಾಯುವಲ್ಲಿ ಖರ್ಜೂರ ಕೆಲವು ಕಾಲ ತಡೆದುಕೊಳ್ಳುತ್ತದೆ, ಅಷ್ಟೇ. ತಡೆದುಕೊಳ್ಳುವುದು ಬೇರೆ, ಬೇಕಾಗಿರುವುದು ಬೇರೆ. ಇದು ಮನೆಯೊಳಗಿನ ಹೆಂಗಸರಿಗೆ ಬಿಡಿಸಿ ಹೇಳಬೇಕಾಗಿಲ್ಲ ಎಂದುಕೊಳ್ಳುತ್ತೇನೆ!

ಇನ್ನೊಂದು ಸಂಗತಿ. ನಿಮ್ಮ ಹಿತ್ತಿಲಿನ ಬದನೆ ಗಿಡಕ್ಕೆ ಒಂದು ದಿನ ನೀರು ತಪ್ಪಿದರೆ ಮಧ್ಯಾಹ್ನಕ್ಕೆಲ್ಲ ಎಲೆ ಜೋಲುತ್ತದೆ. ಖರ್ಜೂರ ಹಾಗೆ ಮಾಡುವುದಿಲ್ಲ. ಗರಿ ಗಡುಸಾಗಿ ನಿಂತೇ ಇರುತ್ತದೆ. ಮರ ನೊಂದದ್ದು ತಿಳಿಯುವಾಗ ಹೊಸ ಗರಿಗಳು ಕಡಿಮೆಯಾಗಿ, ಕಾಯಿ ಉದುರಿ, ಉಳಿದದ್ದು ಸಣ್ಣದಾಗಿ, ಆ ವರ್ಷದ ಫಸಲು ಹೋಗಿರುತ್ತದೆ. ಆದ್ದರಿಂದ ಮರವನ್ನು ನೋಡಿ ನೀರು ಬಿಡಲು ಆಗುವುದಿಲ್ಲ. ಮಣ್ಣಿನ ಮೇಲ್ಮೈಯನ್ನು ನೋಡಿಯೂ ಆಗುವುದಿಲ್ಲ. ಆ ಬಿಸಿಲಿಗೆ ನೀರು ಬಿಟ್ಟ ಎರಡು ಗಂಟೆಯಲ್ಲಿ ಮೇಲಿನ ಮರಳು ಹುರಿದ ರವೆಯಂತಾಗಿರುತ್ತದೆ. ಬೇರು ಕುಡಿಯುವ ಆಳದಲ್ಲಿ ಏನಿದೆ ಎಂದು ಕೇಳಬೇಕು. ಮುಹಂದಿಸ್ ಹೇಳುತ್ತಿದ್ದುದು ಇಷ್ಟೇ.

ನಾನು ಮದ್ರಸದಲ್ಲಿ ಕಲಿತು ಆಮೇಲೆ ಬಿ.ಎ. ಮಾಡಿದವಳು. ವಿಜ್ಞಾನ ನನ್ನ ವಿಷಯವಲ್ಲ. ಆದರೆ ಲೆಕ್ಕವನ್ನು ಕಪ್ಪು ಹಲಗೆಗೆ ತಂದರೆ ಅರ್ಥ ಮಾಡಿಕೊಳ್ಳಬಲ್ಲೆ. ಅವನು ಹೇಳಿದ್ದನ್ನು ನಾನು ಅಕ್ಕನ ಅಡುಗೆಮನೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದುಕೊಂಡೆ. ನೀವೂ ಒಂದು ಪೆನ್ಸಿಲ್ ಹಿಡಿದುಕೊಳ್ಳಿ.

ಮಣ್ಣೆಂದರೆ ಒಂದು ಪಾತ್ರೆ. ನೀರು ಬಿಟ್ಟು, ಹೆಚ್ಚಾದದ್ದು ಇಳಿದುಹೋದ ಮೇಲೆ ಉಳಿಯುವುದು ಪಾತ್ರೆಯ ತುಂಬು ಮಟ್ಟ. ಇನ್ನು ಹೀರಲಾರೆ ಎಂದು ಬೇರು ಸೋಲುವುದು ತಳಮಟ್ಟ. ಇವೆರಡರ ನಡುವಿನದು ಮಾತ್ರ ಮರದ ಪಾಲು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1998ರಲ್ಲಿ ಪ್ರಕಟಿಸಿದ ಕೈಪಿಡಿಯ ಪ್ರಕಾರ ಮರಳಿನಲ್ಲಿ ಈ ಪಾಲು ನೂರಕ್ಕೆ 5ರಿಂದ 11 ಭಾಗ, ಜೇಡಿಯಲ್ಲಿ 12ರಿಂದ 20. ಖರ್ಜೂರಕ್ಕೆ ಆ ಪಾಲಿನ ಅರ್ಧ ಮುಗಿಯುವವರೆಗೆ ತೊಂದರೆಯಿಲ್ಲ, ಅರ್ಧ ದಾಟುವ ಮೊದಲು ನೀರು ಬಿಡಬೇಕು ಎನ್ನುತ್ತದೆ ಅದೇ ಕೈಪಿಡಿ.

ಈಗ 3 ಮೀಟರ್ ಅಗಲದ ದುಂಡು ಪಾತಿ. ಒಂದು ಮೀಟರ್ ಆಳದವರೆಗೆ ಎಣಿಸಿದರೆ ಸುಮಾರು 7,000 ಲೀಟರಿನಷ್ಟು ಜಾಗದ ಮಣ್ಣು. ಮರಳು ನೂರಕ್ಕೆ 8 ಭಾಗ ಕೊಡುತ್ತದೆ ಎಂದಿಟ್ಟುಕೊಳ್ಳಿ: 560 ಲೀಟರ್. ಅರ್ಧ 280. ಮರ ಬಿಸಿಲುಗಾಲದಲ್ಲಿ ದಿನಕ್ಕೆ 140 ಲೀಟರ್ ಕುಡಿದರೆ ಎರಡು ದಿನಕ್ಕೊಮ್ಮೆ ನೀರು. ಚಳಿಗಾಲದಲ್ಲಿ 70 ಲೀಟರ್ ಸಾಕೆಂದರೆ ನಾಲ್ಕು ದಿನಕ್ಕೊಮ್ಮೆ. ಅದೇ ಪಾತಿಯಲ್ಲಿ ಮಣ್ಣು ಜೇಡಿ ಬೆರೆತದ್ದಾಗಿ ನೂರಕ್ಕೆ 16 ಕೊಟ್ಟರೆ ಇದೆಲ್ಲ ದುಪ್ಪಟ್ಟು: ಬಿಸಿಲಲ್ಲಿ ನಾಲ್ಕು ದಿನ, ಚಳಿಯಲ್ಲಿ ಎಂಟು. ಟೈಮರಿಗೆ ಮಣ್ಣು ಯಾವುದು, ತಿಂಗಳು ಯಾವುದು ಎಂದು ಗೊತ್ತೇ? ಚಳಿಗಾಲದ ನಾಲ್ಕು ದಿನದಲ್ಲಿ ಅದು 800 ಲೀಟರ್ ಬಿಡುತ್ತಿತ್ತು. ಮರ ಕುಡಿದದ್ದು 280. ಹೆಚ್ಚು ಪೋಲಾಗುವುದು ಬೇಸಿಗೆಯಲ್ಲಲ್ಲ, ನಾವು ಯಾರೂ ನೀರಿನ ಬಗ್ಗೆ ಯೋಚಿಸದ ಚಳಿಯಲ್ಲಿ ಎಂದು ನನಗೆ ಹೊಳೆದದ್ದು ಆ ಲೆಕ್ಕದಿಂದ.

ಭಾವನಿಗೆ ಲೆಕ್ಕದಲ್ಲಿ ಆಸಕ್ತಿ ಇರಲಿಲ್ಲ. "ಟೀಚರೇ, ಮರ ಕ್ಯಾಲೆಂಡರಿನಲ್ಲಿ ಬೆಳೆಯುವುದಿಲ್ಲ" ಎಂದರು. ಅವರನ್ನು ಪಾತಿಯ ಹತ್ತಿರ ಕರೆದೊಯ್ದದ್ದು ಅಕ್ಕ.

ಆದದ್ದು ಹೀಗೆ. ಮುಹಂದಿಸ್ ಸುರುಳಿಯಾಕಾರದ ಒಂದು ಕಬ್ಬಿಣದ ಸಲಾಕೆಯಿಂದ ಬೇರೆ ಬೇರೆ ಆಳದ ಮಣ್ಣನ್ನು ಮೇಲೆತ್ತಿ, ಅದನ್ನು ಮುಷ್ಟಿಯಲ್ಲಿ ಹಿಂಡಿ ನೋಡುವುದನ್ನು ಭಾವನಿಗೆ ತೋರಿಸುತ್ತಿದ್ದ. ಚಹಾ ತಂದಿದ್ದ ಅಕ್ಕ ಅದನ್ನು ನೋಡಿ ನಕ್ಕುಬಿಟ್ಟಳು. "ಇದು ಪುಟ್ಟಿನ ಹಿಟ್ಟು ನೋಡಿದ ಹಾಗೆ!" ಎಂದಳು. ಹೌದಲ್ಲ! ಪುಟ್ಟಿಗೆ ಅಕ್ಕಿ ಹಿಟ್ಟನ್ನು ನೀರು ಚಿಮುಕಿಸಿ ಕಲಸುವಾಗ ನಾವೆಲ್ಲ ಏನು ಮಾಡುತ್ತೇವೆ? ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು, ಬೆರಳಿನಿಂದ ತಟ್ಟಿದರೆ ಉದುರಬೇಕು. ಉಂಡೆಯೇ ನಿಲ್ಲದಿದ್ದರೆ ನೀರು ಸಾಲದು. ಅಂಗೈಗೆ ಮೆತ್ತಿಕೊಂಡರೆ ಹೆಚ್ಚಾಯಿತು. ಮರಳಿಗೂ ಹೆಚ್ಚು ಕಡಿಮೆ ಇದೇ ಪರೀಕ್ಷೆ. ಒಣಗಿದ ಮರಳು ಬೆರಳ ಸಂದಿನಿಂದ ಜಾರಿಹೋಗುತ್ತದೆ. ತೇವ ಸಾಕಷ್ಟಿದ್ದರೆ ದುರ್ಬಲವಾದ ಉಂಡೆ ನಿಂತು, ಅಂಗೈಯಲ್ಲಿ ಒದ್ದೆಯ ಗುರುತು ಬಿಡುತ್ತದೆ. ನಲವತ್ತು ವರ್ಷ ಪುಟ್ಟು ಬೇಯಿಸಿದ ಕೈಗಳಿಗೆ ಯಾವ ಡಿಗ್ರಿ ಬೇಕು? ಅಕ್ಕ ಆ ದಿನ ಹನ್ನೆರಡು ಪಾತಿಗಳ ಮಣ್ಣು ಹಿಂಡಿ ಹೇಳಿದಳು. ಮುಹಂದಿಸ್ ತನ್ನ ಮೊಬೈಲ್ ನೋಡುತ್ತಾ ತಲೆಯಾಡಿಸುತ್ತಿದ್ದ.

ಪೂರ್ವದ ಸಾಲುಗಳು ಪೂರಾ ಮರಳು. ಅಲ್ಲಿ ಟೈಮರ್ ತೆರೆಯುವ ಮೊದಲು, ಮುಂಜಾನೆ ಮೂರೂವರೆಗೆ ತೆಗೆದ ಮಣ್ಣಿನಲ್ಲೂ 30ರಲ್ಲಿ ತೇವ, 60ರಲ್ಲಿ ತೇವ, 90ರಲ್ಲೂ ತೇವ. ಅಂದರೆ ಮರ ಹಿಂದಿನ ದಿನದ್ದನ್ನೇ ಇನ್ನೂ ಮುಗಿಸಿರಲಿಲ್ಲ. ಪಶ್ಚಿಮದ ಸಾಲಿನ ಹಳೆಯ ಮರಗಳಲ್ಲಿ ಬೇರೆಯೇ ಕಥೆ. ಮೇಲೆ ಒದ್ದೆ, 60ರಲ್ಲಿ ಒಣಕಲು. ಅಲ್ಲಿ ಮಣ್ಣು ಗಡುಸು. ದಿನವೂ ಬಿಡುವ ಅಷ್ಟಿಷ್ಟು ನೀರು ಮೇಲಿನ ಒಂದಡಿಯಲ್ಲೇ ನಿಂತು ಬಿಸಿಲಿಗೆ ಆವಿಯಾಗುತ್ತಿತ್ತು. ಒಂದೇ ಟೈಮರ್, ಒಂದೇ ಬಾವಿ, ಒಂದು ಕಡೆ ಅಜೀರ್ಣ, ಇನ್ನೊಂದು ಕಡೆ ಉಪವಾಸ. ಆ ಪಶ್ಚಿಮದ ಖಲಾಸ್ ಮರಗಳ ಹಣ್ಣು ಸಣ್ಣದಾಗುತ್ತಿದೆ ಎಂದು ಭಾವ ನಾಲ್ಕು ವರ್ಷದಿಂದ ಹೇಳುತ್ತಲೇ ಇದ್ದರು. ಯಾರೂ ಕೇಳಿರಲಿಲ್ಲ. ಈಗ ಮುಹಂದಿಸ್ ಅವರ ಕಡೆ ತಿರುಗಿ, "ನೀವು ಹೇಳಿದ್ದು ಸರಿ" ಎಂದ. ಆ ಕ್ಷಣದಿಂದ ಭಾವನಿಗೆ ಪೈಪಿನ ಮೇಲಿದ್ದ ಸಿಟ್ಟು ಅರ್ಧ ಇಳಿಯಿತು ಎಂದು ನನ್ನ ಊಹೆ.

ಪಶ್ಚಿಮದ ಪಾತಿಗಳ ಬದುಗಳನ್ನು ಎತ್ತರಿಸಿದರು. ಅಲ್ಲಿ ನಾಲ್ಕು ದಿನಕ್ಕೊಮ್ಮೆ, ಆದರೆ ಒಟ್ಟಿಗೆ 700 ಲೀಟರ್. ಪೂರ್ವಕ್ಕೆ ಎರಡು ದಿನಕ್ಕೊಮ್ಮೆ 350. ನಮ್ಮ ಲೆಕ್ಕದಲ್ಲಿ ಬಂದದ್ದು 560 ಮತ್ತು 280 ಅಲ್ಲವೇ, ಕಾಲು ಭಾಗ ಹೆಚ್ಚು ಯಾಕೆ ಎಂದು ನೀವು ಕೇಳಬಹುದು. ಅದು ಉಪ್ಪಿನ ಬಾಬ್ತು.

ಮಾವಿನ ಮಿಡಿಗೆ ಉಪ್ಪು ಹಾಕಿ ಭರಣಿಯಲ್ಲಿಟ್ಟರೆ ಏನಾಗುತ್ತದೆ? ಭರಣಿಯ ತುಂಬ ನೀರು, ಮಿಡಿ ಮಾತ್ರ ಸುಕ್ಕು. ಉಪ್ಪು ಮಿಡಿಯೊಳಗಿನ ನೀರನ್ನು ಹೊರಗೆಳೆಯುತ್ತದೆ. ಉಪ್ಪು ಹೆಚ್ಚಾದ ಮಣ್ಣಿನಲ್ಲಿ ಬೇರಿನ ಪಾಡೂ ಅದೇ ಬಗೆಯದು: ಸುತ್ತ ನೀರಿದ್ದರೂ ಹೀರಲು ಆಗುವುದಿಲ್ಲ. ಬಾವಿಯ ನೀರು ಉಪ್ಪಾಗಿದ್ದಾಗ ಮರ ನೀರನ್ನು ಕುಡಿದು ಉಪ್ಪನ್ನು ಮಣ್ಣಿನಲ್ಲೇ ಬಿಡುತ್ತದೆ. ದಿನ ಹೋದಂತೆ ಅದು ಕೂಡಿಕೊಳ್ಳುತ್ತದೆ. ಅದನ್ನು ಬೇರಿನ ಕೆಳಕ್ಕೆ ತಳ್ಳಲು ಸ್ವಲ್ಪ ಹೆಚ್ಚಿನ ನೀರು ಬೇಕೇ ಬೇಕು. ಖರ್ಜೂರ ಹಣ್ಣಿನ ಮರಗಳಲ್ಲೆಲ್ಲ ಉಪ್ಪನ್ನು ಹೆಚ್ಚು ಸಹಿಸುವುದು ನಿಜ, ಆದರೆ ಅದಕ್ಕೂ ಮಿತಿಯಿದೆ. ಆದ್ದರಿಂದ ನೀರು ಉಳಿಸಬೇಕೆಂದು ಕಣ್ಣು ಮುಚ್ಚಿ ಕಡಿಮೆ ಮಾಡಿದರೆ ಇನ್ನೊಂದು ಹಳ್ಳಕ್ಕೆ ಬಿದ್ದ ಹಾಗೆ. ತೇವವಿದೆ ಎಂದು ಹೇಳುವ ಉಪಕರಣ, ಆ ತೇವವನ್ನು ಮರ ಕುಡಿಯಬಲ್ಲದೋ ಇಲ್ಲವೋ ಎಂದು ಹೇಳುವುದಿಲ್ಲ. 90ರ ಅಂಕೆ ಆಗೊಮ್ಮೆ ಈಗೊಮ್ಮೆ ಮೇಲೇರಬೇಕು, ಉಪ್ಪು ಕೆಳಗಿಳಿಯಿತು ಎಂದು ಅರ್ಥ. ದಿನವೂ ಏರುತ್ತಿದ್ದರೆ ಬಾವಿ ಸುಮ್ಮನೆ ಸೋರುತ್ತಿದೆ ಎಂದು ಅರ್ಥ.

ಇಲ್ಲಿ ನನ್ನ ಮದ್ರಸದ ಪಾಠ ಸ್ವಲ್ಪ ಬರುತ್ತದೆ, ಬೇಸರಿಸಬೇಡಿ. ಝಕಾತ್‌ನ ಅಧ್ಯಾಯದಲ್ಲಿ ಬೆಳೆಯ ಪಾಲನ್ನು ಮಕ್ಕಳಿಗೆ ಕಲಿಸುವಾಗ, ಮಳೆಯಿಂದಲೋ ಊಟೆಯಿಂದಲೋ ತಾನಾಗಿ ನೀರುಂಡ ಬೆಳೆಗೆ ಹತ್ತರಲ್ಲೊಂದು, ಒಂಟೆಯಿಂದಲೋ ಬಕೆಟ್ಟಿನಿಂದಲೋ ಎಳೆದು ಹಾಕಿದ ಬೆಳೆಗೆ ಇಪ್ಪತ್ತರಲ್ಲೊಂದು ಎಂದು ಹೇಳಿಕೊಡುತ್ತೇವೆ. ನೀರೆತ್ತುವ ಶ್ರಮಕ್ಕೆ ಶರೀಅತ್ ಬೆಲೆ ಕಟ್ಟಿದೆ. ಮದೀನಾದ ಖರ್ಜೂರದ ತೋಟಗಳಿಗೆ ಹರಿಯುವ ತೊರೆಯ ನೀರಿನ ಬಗ್ಗೆ ಪ್ರವಾದಿವರ್ಯರು(ಸ) ನೀಡಿದ ತೀರ್ಪೂ ನಿಮಗೆ ನೆನಪಿರಬಹುದು: ಮೇಲಿನ ತೋಟದವನು ಕಣಕಾಲಿನ ಮಟ್ಟದವರೆಗೆ ನಿಲ್ಲಿಸಿಕೊಂಡು ಆಮೇಲೆ ಕೆಳಗಿನವನಿಗೆ ಬಿಡಬೇಕು. ವರ್ಷಗಳಿಂದ ಇದನ್ನು ಪಾಠ ಮಾಡಿದ್ದೇನೆ. ಇದು ಒಂದು ಮರದ ಬುಡಕ್ಕೆ ಎಷ್ಟು ನೀರು ಎಂಬ ಅಳತೆಯೂ ಹೌದು ಎಂದು ಕಂಡದ್ದು ಅಲ್ ಐನ್‌ನ ಪಾತಿಯಲ್ಲಿ ನಿಂತಾಗ.

ಹಿಂದಿನವರ ಅಳತೆ ಸಮಯದ ಅಳತೆ. ಅಲ್ ಐನ್ ಪ್ರದೇಶದಲ್ಲಿ ಸುಮಾರು ಮೂರು ಸಾವಿರ ವರ್ಷ ಹಳೆಯ ಫಲಜ್‌ಗಳ ಕುರುಹುಗಳಿವೆ. ಫಲಜ್ ಎಂದರೆ ದೂರದ ಅಂತರ್ಜಲವನ್ನು ನೆಲದಡಿಯ ಸುರಂಗದಲ್ಲಿ ಇಳಿಜಾರಾಗಿ ತೋಟಕ್ಕೆ ತರುವ ಕಾಲುವೆ. ಪಕ್ಕದ ಒಮಾನ್‌ನಲ್ಲಿ ಇಂಥ ಸುಮಾರು 3,000 ಈಗಲೂ ಬಳಕೆಯಲ್ಲಿವೆ. ಅವುಗಳಲ್ಲಿ ಐದನ್ನು 2006ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹಗಲು ನೆರಳನ್ನೂ ರಾತ್ರಿ ನಕ್ಷತ್ರಗಳನ್ನೂ ನೋಡಿ ಪ್ರತಿ ತೋಟದ ಪಾಳಿ ಹಂಚುತ್ತಿದ್ದರು. ಯಾರಿಗೂ ಅನ್ಯಾಯವಾಗದ ವ್ಯವಸ್ಥೆ. ಆದರೆ ಪಾಳಿ ಬಂದಾಗ ನೀರು, ಮರಕ್ಕೆ ಬೇಕಾದಾಗಲ್ಲ. ಫಲಜ್ ತಾನಾಗಿ ಹರಿಯುವಷ್ಟೇ ಕೊಡುತ್ತಿದ್ದುದರಿಂದ ನೆಲ ಬರಿದಾಗಲಿಲ್ಲ. ಪಂಪು ಬಂದ ಮೇಲೆ ಆ ಕಡಿವಾಣ ಹೋಯಿತು. ಸೌದಿಯ ಅಲ್ ಅಹ್ಸಾವನ್ನು ನೋಡಿ. 25 ಲಕ್ಷ ಖರ್ಜೂರದ ಮರಗಳ ಹಸಿರು, 2018ರಿಂದ ಅದೂ ಯುನೆಸ್ಕೋ ಪಟ್ಟಿಯಲ್ಲಿದೆ. ಒಂದು ಕಾಲದಲ್ಲಿ ನೆಲದಿಂದ ತಾವಾಗಿ ಚಿಮ್ಮುತ್ತಿದ್ದ ಅಲ್ಲಿನ ಊಟೆಗಳು ನಿಂತುಹೋಗಿವೆ. ಈಗ ಆ ಮರಗಳು ಬದುಕಿರುವುದು ಪಂಪಿನ ನೀರಿನಿಂದ ಮತ್ತು ಶುದ್ಧೀಕರಿಸಿದ ಕೊಳಚೆ ನೀರಿನಿಂದ. ಇಫ್ತಾರಿನ ತಟ್ಟೆಯಲ್ಲಿರುವ ಹಣ್ಣಿನ ಹಿಂದೆ ಇದೂ ಇದೆ.

ನಾನು ಊರಿಗೆ ಮರಳಿದ ಮೇಲೆ ಅಕ್ಕ ಫೋನಿನಲ್ಲಿ ವರದಿ ಕೊಡುತ್ತಿದ್ದಳು. ಜುಲೈನಲ್ಲಿ ಕಾಯಿ ಬಣ್ಣ ತಿರುಗಿ, ರುತಬ್ ಆಗುವ ಹೊತ್ತಿಗೆ, ಅಂದರೆ ಹಣ್ಣು ಮೆತ್ತಗಾಗುವಾಗ, ನೀರನ್ನು ಸ್ವಲ್ಪ ಹಿಡಿಯಬೇಕು. ಇಲ್ಲದಿದ್ದರೆ ಹಣ್ಣಾಗುವುದು ತಡವಾಗುತ್ತದೆ. ಅದೇ ಹೊತ್ತಿಗೆ ಸೆಖೆಯೂ ನೆತ್ತಿಗೇರಿರುತ್ತದೆ, ತೀರಾ ಹಿಡಿದರೂ ಆಗದು. ಇಡೀ ವರ್ಷದಲ್ಲಿ ಅತಿ ನಾಜೂಕಿನ ಮೂರು ವಾರ. ಆಗಲೇ ಪಶ್ಚಿಮದ ಒಂದು ಕೊಳವೆ 60ರಲ್ಲಿ ಸಾಕಷ್ಟು ತೇವ ಎಂದು ತೋರಿಸುತ್ತಲೇ ಇತ್ತು. ಮುಹಂದಿಸ್ ರಜೆಯಲ್ಲಿ ಕೈರೋಗೆ ಹೋಗಿದ್ದ. ಮೊಬೈಲ್ ನೀರು ಬೇಡ ಎನ್ನುತ್ತಿದೆ, ಭಾವನ ಮನಸ್ಸು ಬೇಕು ಎನ್ನುತ್ತಿದೆ. ನೀರು ಬಿಟ್ಟರೆ ಹೇಳಿದ ಮಾತು ಮೀರಿದಂತೆ. ಬಿಡದಿದ್ದರೆ ಒಂದು ಸಾಲು ಖಲಾಸ್. ರಾತ್ರಿ ಹತ್ತು ಗಂಟೆಗೆ ಟಾರ್ಚ್ ಹಿಡಿದು ಇಬ್ಬರೂ ಹೋಗಿ ಕೊಳವೆಯಿಂದ ಎರಡಡಿ ದೂರದಲ್ಲಿ ಅಗೆದರಂತೆ. ಅಕ್ಕ ಮುಷ್ಟಿ ಹಿಂಡಿದಳು. ಪುಡಿ ಪುಡಿ. ಕೊಳವೆಯ ಪಕ್ಕದಲ್ಲಿ ಅಗೆದಾಗ ಕೆಸರು. ಕೊಳವೆ ಇಳಿಸಿದ ತೂತಿನ ಅಂಚಿನಲ್ಲಿ ಸಂದು ಬಿದ್ದು, ಪಾತಿಯ ನೀರು ಅದೇ ದಾರಿಯಲ್ಲಿ ನೇರ ಕೆಳಗಿಳಿದು, ಕೊಳವೆಗೆ ಮಾತ್ರ ಕುಡಿಸಿ ಹೋಗುತ್ತಿತ್ತು! ಆ ರಾತ್ರಿಯೇ ವಾಲ್ವ್ ತೆರೆದರು. ಮುಹಂದಿಸ್ ಬಂದ ಮೇಲೆ ಅದೇ ಜಾಗದ ಮಣ್ಣನ್ನು ಗಂಜಿಯಂತೆ ಕಲಸಿ ಸಂದುಗಳಿಗೆ ತುಂಬಿ ಕೊಳವೆಯನ್ನು ಮತ್ತೆ ನೆಟ್ಟ. ಈಗ ವಾರಕ್ಕೊಮ್ಮೆ ಅಗೆದು, ಹಿಂಡಿ, ಮೊಬೈಲಿನ ಅಂಕೆಯ ಪಕ್ಕದಲ್ಲಿ ಬರೆದಿಡುವ ಕೆಲಸ ಭಾವನದ್ದು. ಅದಕ್ಕೊಂದು ನೋಟ್‌ಪುಸ್ತಕ. ಬರೆಯುವುದು ಅಕ್ಕ.

ನಮ್ಮ ಕರಾವಳಿಯಲ್ಲೂ ಏಪ್ರಿಲ್, ಮೇ ತಿಂಗಳಲ್ಲಿ ಬಾವಿ ತಳ ಕಾಣುವಾಗ ಅಡಿಕೆ ತೋಟಗಳಲ್ಲಿ ದಿನ ಬೆಳಗಾದರೆ ಸ್ಪ್ರಿಂಕ್ಲರ್ ತಿರುಗುತ್ತಿರುತ್ತದೆ. ಅಡಿಕೆ, ತೆಂಗು, ಖರ್ಜೂರ ಮೂರೂ ಒಂದೇ ಕುಟುಂಬದವು. ಸಲಾಕೆ ಇಲ್ಲದಿದ್ದರೆ ಪಿಕಾಸು ಸಾಕು, ಒಂದಡಿ ಅಗೆದು ಹಿಂಡಿ ನೋಡಿ. ಮಣ್ಣು ಬೇರೆಯಾದ್ದರಿಂದ ಉಂಡೆ ಗಟ್ಟಿಯಾಗಿಯೇ ಬರುತ್ತದೆ. ನಿಮ್ಮ ಕೈಗೆ ನಾಲ್ಕು ದಿನದಲ್ಲಿ ಅಭ್ಯಾಸವಾಗುತ್ತದೆ.

2024ರ ಏಪ್ರಿಲ್ 16ರಂದು ಯು.ಎ.ಇ.ಯಲ್ಲಿ ಸುರಿದ ಮಳೆಯ ಚಿತ್ರಗಳನ್ನು ನೀವು ಟಿ.ವಿ.ಯಲ್ಲಿ ನೋಡಿರುತ್ತೀರಿ. ಅಲ್ ಐನ್ ಸೀಮೆಯ ಖತ್ಮ್ ಅಲ್ ಶಿಕ್ಲಾ ಎಂಬಲ್ಲಿ ಒಂದು ದಿನದೊಳಗೆ 254 ಮಿಲಿಮೀಟರ್. ಅಲ್ಲಿಗೆ ತೀರಾ ಅಪರೂಪದ ಮಳೆ. ನಾನು ಗಾಬರಿಯಿಂದ ಫೋನು ಮಾಡಿದೆ. ಮನೆಯೊಳಗೆ ನೀರು ನುಗ್ಗಿತ್ತು, ಅಕ್ಕ ಅಕ್ಕಿ ಚೀಲಗಳನ್ನು ಮಂಚದ ಮೇಲೆ ಏರಿಸುತ್ತಿದ್ದಳು. ಭಾವ ಫೋನು ತೆಗೆದುಕೊಂಡು ಮನೆಯ ಸಂಗತಿ ಒಂದನ್ನೂ ಹೇಳಲಿಲ್ಲ. "ಟೀಚರೇ, 90ರಲ್ಲಿ ತುಂಬಿದೆ. ಸಿಹಿ ನೀರು. ವರ್ಷಗಳ ಉಪ್ಪೆಲ್ಲ ಕೆಳಗೆ ಹೋಗಿರಬೇಕು" ಎಂದರು. ಟೈಮರ್ ಬಂದ್ ಮಾಡಿ ಹನ್ನೊಂದು ದಿನ ವಾಲ್ವ್ ಮುಟ್ಟಲಿಲ್ಲ. ರಸ್ತೆಯಾಚೆಯ ತೋಟದಲ್ಲಿ ಮಾತ್ರ ಮಳೆಯ ಮರುದಿನವೂ ಮುಂಜಾನೆ ನಾಲ್ಕಕ್ಕೆ ನಿಂತ ನೀರಿನ ಮೇಲೆಯೇ ಬಬ್ಲರುಗಳು ಗುಳುಗುಟ್ಟುತ್ತಿದ್ದವಂತೆ. ಭಾವ ನೋಟ್‌ಪುಸ್ತಕ ಹಿಡಿದುಕೊಂಡು ಆ ಮೇಸ್ತ್ರಿಯನ್ನು ನೋಡಲು ಹೋಗಿದ್ದಾರೆ ಎಂದು ಅಕ್ಕ ಹೇಳಿದಳು.